ಕೈ ಪಳಗದ ಪದವಿ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ಮುಂಬಯಿ, ಪುಣೆ, ಚೆನ್ನೈಗಳ ಕನ್ನಡ ಜೈನ ಮನೆಗಳಲ್ಲಿ ನಡೆಯುವ ಸಮಾಲೋಚನೆಗೆ ಈಚೆಗೆ ಹೊಸ ವಿಷಯವೊಂದು ಸೇರಿಕೊಂಡಿದೆ. ಲೆಕ್ಕಪರಿಶೋಧನೆ, ಇಂಜಿನಿಯರಿಂಗ್, ಮನೆತನದ ವ್ಯಾಪಾರ ಎಂಬ ಮೂರು ದಾರಿಗಳ ಜೊತೆಗೆ ಮಗನೋ ಮಗಳೋ ‘ಮೀಡಿಯಾ’ ಎಂಬ ನಾಲ್ಕನೆಯದನ್ನು ಹೇಳತೊಡಗಿದ್ದಾರೆ. ತಂದೆತಾಯಂದಿರು ಮೊದಲು ಗಾಬರಿಯಾಗುತ್ತಾರೆ. ಅನಂತರ ಹಟಕ್ಕೆ ಮಣಿದು, ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಕೊಡುವ ಯಾವುದೋ ಖಾಸಗಿ ಸಂಸ್ಥೆಗೆ ಲಕ್ಷಗಟ್ಟಲೆ ಶುಲ್ಕ ಕಟ್ಟುತ್ತಾರೆ. ಮೂರು ವರ್ಷಗಳ ಬಳಿಕ ಪದವಿಪತ್ರ ಬರುತ್ತದೆ. ಸಂವಹನ ಸಿದ್ಧಾಂತಗಳ ಹೆಸರುಗಳು ಬಾಯಿಪಾಠವಾಗಿರುತ್ತವೆ. ಆದರೆ ರೇಷ್ಮೆ ಸೀರೆಯುಟ್ಟು ಬಂದ ಅತಿಥಿಗೆ ಮೈಕ್ ಸಿಕ್ಕಿಸು ಎಂದರೆ, ಸೆರಗು ಉಜ್ಜಿ ಕರಕರ ಸದ್ದಾಗದಂತೆ ಅದನ್ನು ಎಲ್ಲಿ ಇಡಬೇಕೆಂಬುದು ಆ ಪದವೀಧರನಿಗೆ ತಿಳಿದಿರುವುದಿಲ್ಲ.

ಮಕ್ಕಳ ಆಯ್ಕೆಯಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಪ್ರಸಾರ ಮಾಧ್ಯಮವನ್ನು ಕಸುಬೆಂದು ಕಾಣದ ಹಿರಿಯರ ದೃಷ್ಟಿಯಲ್ಲಿ. ಟಿವಿಯಲ್ಲಿ ಮುಖ ತೋರಿಸುವವರಷ್ಟೇ ಆ ಕ್ಷೇತ್ರದವರೆಂಬ ಭಾವನೆ ಇನ್ನೂ ಹೋಗಿಲ್ಲ. ಒಂದು ಗಂಟೆಯ ನೇರ ಚರ್ಚೆಯಲ್ಲಿ ವೀಕ್ಷಕರು ಕಾಣುವುದು ನಿರೂಪಕನನ್ನು ಮತ್ತು ನಾಲ್ವರು ಅತಿಥಿಗಳನ್ನು. ಪಕ್ಕದ ನಿಯಂತ್ರಣ ಕೊಠಡಿಯಲ್ಲಿ ನಿರ್ದೇಶಕ ಕ್ಯಾಮೆರಾಗಳ ಸಂಖ್ಯೆ ಕೂಗುತ್ತಿರುತ್ತಾನೆ. ಅವನ ಮಾತು ಮುಗಿಯುವಷ್ಟರಲ್ಲಿ ಸ್ವಿಚರ್ ಮುಂದೆ ಕುಳಿತವಳ ಬೆರಳು ಗುಂಡಿಯನ್ನು ಒತ್ತಿರಬೇಕು. ಧ್ವನಿಯವನು ಮಾತನಾಡುವವರ ಮೈಕ್ ಏರಿಸಿ, ಕೆಮ್ಮುವವರದನ್ನು ಇಳಿಸುತ್ತಿರುತ್ತಾನೆ. ಫ್ಲೋರ್ ಮ್ಯಾನೇಜರ್ ಕ್ಯಾಮೆರಾದ ಪಕ್ಕದಲ್ಲಿ ನಿಂತು ಉಳಿದ ಸೆಕೆಂಡುಗಳನ್ನು ಬೆರಳುಗಳಲ್ಲಿ ಎಣಿಸಿ ತೋರಿಸುತ್ತಾನೆ. ಭಾರತದ ದೂರದರ್ಶನ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಗಾಳಿಗೆ ಹೋದ ಒಂದನ್ನೂ ಹಿಂದಕ್ಕೆ ಕರೆಯಲಾಗದು. ರೊಟ್ಟಿ ಬಡಿಯುವುದನ್ನು ಪುಸ್ತಕ ಓದಿ ಕಲಿತವರಿಲ್ಲ, ಇದೂ ಹಾಗೆಯೇ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದದ್ದು ಧ್ವನಿ. ಕಲಿಯಲು ಬಂದವರೆಲ್ಲ ಕ್ಯಾಮೆರಾಕ್ಕೆ ಮುಗಿಬೀಳುತ್ತಾರೆ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸಿಯಾರು. ಮಾತು ಕೇಳಿಸದಿದ್ದರೆ ವಾಹಿನಿ ಬದಲಿಸುತ್ತಾರೆ. ಅಮೃತಶಿಲೆ ಹಾಸಿದ ಬಸದಿಯೊಳಗೆ ಪ್ರವಚನ ಧ್ವನಿಮುದ್ರಿಸಲು ಯತ್ನಿಸಿದವರಿಗೆ ಇದರ ಕಷ್ಟ ಗೊತ್ತು. ಕಲ್ಲಿನ ಗೋಡೆಗೆ ತಾಗಿದ ಪ್ರತಿಧ್ವನಿ ಒಂದು ಪದವನ್ನು ಮುಂದಿನ ಪದದೊಳಗೆ ಕಲಸುತ್ತದೆ. ಮೇಲಿನ ಫ್ಯಾನು ಉಳಿದುದನ್ನು ನುಂಗುತ್ತದೆ. ಮೈಕನ್ನು ಬಾಯಿಗೆ ಹತ್ತಿರ ತರುವುದು, ನೆಲಕ್ಕೆ ಜಮಖಾನ ಹಾಸುವುದು, ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಲೇ ಮುದ್ರಿಸುವುದು, ಮುಗಿದ ಮೇಲೆ ಆ ಜಾಗದ ಬರಿಯ ಮೌನವನ್ನು ಅರ್ಧ ನಿಮಿಷ ಪ್ರತ್ಯೇಕವಾಗಿ ಹಿಡಿದಿಟ್ಟುಕೊಳ್ಳುವುದು, ಅಂದೇ ಎರಡು ಪ್ರತಿ ತೆಗೆದಿಡುವುದು: ದುಬಾರಿ ಯಂತ್ರ ಬೇಡದ ಈ ಪಾಠಗಳನ್ನು ಎಷ್ಟೋ ಪದವೀಧರರು ಕಲಿಯದೆ ಹೊರಬರುತ್ತಾರೆ.

ಕನ್ನಡಿಗರಿಗಂತೂ ಈ ಮಾತು ಹೊಸದಾಗಬೇಕಿರಲಿಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮೈಸೂರಿನಲ್ಲೇ ಹುಟ್ಟಿದ ವಿ.ಕೆ. ಮೂರ್ತಿ 1940ರ ದಶಕದಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಸಹಾಯಕರಾಗಿ ದುಡಿದು, ಬಳಿಕ 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಬೆಳಕು ಹೊಂದಿಸಿದರು. ಅದು ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಗೋವಿಂದ ನಿಹಲಾನಿ ಕಲಿತದ್ದು ಅದೇ ಸಂಸ್ಥೆಯಲ್ಲಿ. ಪಳಗಿದ್ದು ಮೂರ್ತಿಯವರ ಕೈಕೆಳಗೆ. ಪಾಲಿಟೆಕ್ನಿಕ್ ಎಂದರೆ ಮೂಗು ಮುರಿಯುವ ಹಿರಿಯರು ಇದನ್ನು ಗಮನಿಸಬೇಕು.

ಆದುದರಿಂದ ಶುಲ್ಕ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಒಂದು ಕ್ಯಾಮೆರಾಕ್ಕೆ ಎಷ್ಟು ವಿದ್ಯಾರ್ಥಿಗಳು? ಸಂಕಲನದ ಮೇಜಿನ ಮುಂದೆ ಪ್ರತಿಯೊಬ್ಬರಿಗೂ ವಾರಕ್ಕೆ ಎಷ್ಟು ಗಂಟೆ? ಸ್ಟುಡಿಯೋ ನಡೆಯುತ್ತಿದೆಯೇ, ಪ್ರವೇಶದ ದಿನ ತೋರಿಸಲಿಕ್ಕಷ್ಟೇ ಇದೆಯೇ? ಕಲಿಸುವವರು ಎಂದಾದರೂ ಕಾರ್ಯಕ್ರಮ ಮಾಡಿದ್ದಾರೆಯೇ? ‘ಪ್ಲೇಸ್‌ಮೆಂಟ್’ ಪಟ್ಟಿಯನ್ನು ಮುಂದಿಡುವವರು ಈ ಪ್ರಶ್ನೆಗಳಿಗೆ ತಡವರಿಸಿದರೆ ಎದ್ದು ಬರಬಹುದು. ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಯಾವುದೇ ವಿಷಯದ ಪದವೀಧರರಿಗೆ ದೂರದರ್ಶನ ನಿರ್ದೇಶನ, ಸಂಕಲನ ಮುಂತಾದ ಒಂದು ವರ್ಷದ ಶಿಕ್ಷಣ ನೀಡುತ್ತ ಬಂದಿದೆ. ಚೆನ್ನೈನ ತರಮಣಿಯಲ್ಲಿ ಸರಕಾರಿ ಚಲನಚಿತ್ರ ಸಂಸ್ಥೆಯಿದೆ. ದೆಹಲಿಯ ಜಾಮಿಯಾದಲ್ಲಿ 1982ರಿಂದ ನಡೆಯುತ್ತಿರುವ ಸಮೂಹ ಸಂವಹನ ಕೇಂದ್ರವಿದೆ. ಪ್ರವೇಶ ಸುಲಭವಲ್ಲ. ಅಲ್ಲಿಯವರೆಗೆ ಕೈ ಪಳಗಿಸಲು ಸಮುದಾಯ ರೇಡಿಯೋಗಳಿವೆ: ಚೆನ್ನೈನಲ್ಲಿ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ, ಪುಣೆ ವಿಶ್ವವಿದ್ಯಾಲಯದ ವಿದ್ಯಾವಾಣಿ, ಹೈದರಾಬಾದ್ ವಿಶ್ವವಿದ್ಯಾಲಯದ ಬೋಲ್ ಹೈದರಾಬಾದ್. ಬೆಂಗಳೂರಿನಲ್ಲಿ ಜೈನ್ ವಿಶ್ವವಿದ್ಯಾಲಯದ ರೇಡಿಯೋ ಆಕ್ಟಿವ್ 2007ರಲ್ಲಿ ಆರಂಭವಾಯಿತು. ಇಂತಹ ಕೇಂದ್ರಗಳ ಪುಟ್ಟ ಸ್ಟುಡಿಯೋಗಳಲ್ಲಿ ಹೊಸಬರಿಗೆ ಕನ್ಸೋಲ್ ಮುಟ್ಟುವ ಅವಕಾಶ ದೊಡ್ಡ ವಾಹಿನಿಗಿಂತ ಬೇಗ ದೊರೆಯುತ್ತದೆ.

ಕಲಿತು ಬಂದವರನ್ನು ಈ ಉದ್ಯಮ ನಡೆಸಿಕೊಳ್ಳುವ ಬಗೆಯನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ‘ಇಂಟರ್ನ್’ ಎಂಬ ಹೆಸರಿನಲ್ಲಿ ತಿಂಗಳುಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. 1961ರ ಅಪ್ರೆಂಟಿಸ್ ಕಾಯಿದೆ ಕಲಿಯುವವನಿಗೆ ಭತ್ಯೆ ಕೊಡಬೇಕೆನ್ನುತ್ತದೆ. 2014ರ ತಿದ್ದುಪಡಿ ಇಂಜಿನಿಯರಿಂಗ್ ಓದದ ಪದವೀಧರರಿಗೂ ಆ ಬಾಗಿಲು ತೆರೆಯಿತು. ಹೆಸರನ್ನು ಬದಲಿಸಿ ಕಾಯಿದೆಯಿಂದ ನುಣುಚಿಕೊಳ್ಳುವ ವಾಹಿನಿಗಳೇ ಸಂಜೆಯ ಚರ್ಚೆಯಲ್ಲಿ ಕಾರ್ಮಿಕರ ಹಕ್ಕುಗಳ ಬಗ್ಗೆ ಗಂಟಲು ಹರಿದುಕೊಳ್ಳುತ್ತವೆ. ಕೌಶಲಾಭಿವೃದ್ಧಿಯನ್ನು ಭಾಷಣದಲ್ಲಿ ಸ್ತುತಿಸುವ ಸರಕಾರಗಳಿಗೆ ಇದು ಕಾಣದಿರುವುದು ಆಶ್ಚರ್ಯವೇನಲ್ಲ. ಕ್ಯಾಮೆರಾ ಅವರ ಕಡೆಗೆ ತಿರುಗಿರುತ್ತದೆಯಲ್ಲ!

ಮನೆಯ ಆಕ್ಷೇಪಗಳು ಎರಡು. ಪಾಳಿಯ ಕೆಲಸದಲ್ಲಿ ಸೂರ್ಯಾಸ್ತಕ್ಕೆ ಮುನ್ನ ಊಟ ಹೇಗೆ ಎಂಬುದು ಮೊದಲನೆಯದು. ಆಸ್ಪತ್ರೆಯಲ್ಲಿ ದುಡಿಯುವ ಸಮಾಜದ ವೈದ್ಯರು ಇದಕ್ಕೆ ಎಂದೋ ಬುತ್ತಿಯ ಡಬ್ಬಿಯಲ್ಲಿ ಉತ್ತರ ಕಂಡುಕೊಂಡಿದ್ದಾರೆ. ಎರಡನೆಯದು ಹೆಣ್ಣುಮಕ್ಕಳ ರಾತ್ರಿ ಪಾಳಿ. ಇದು ನಿಜವಾದ ಆತಂಕ. ಹಾಗೆಂದು ಮಗಳ ಆಸೆಯನ್ನು ಮುರಿಯುವುದಕ್ಕೆ ಬದಲಾಗಿ ಸಂಸ್ಥೆಯನ್ನು ಪ್ರಶ್ನಿಸಬೇಕು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ಪ್ರಕಾರ ರಾತ್ರಿ ದುಡಿಮೆಗೆ ಮಹಿಳೆಯ ಒಪ್ಪಿಗೆ ಬೇಕು. ರಕ್ಷಣೆ ಹಾಗೂ ವಾಹನದ ಹೊಣೆ ಮಾಲೀಕನದು.

ಪರವೂರುಗಳ ಜೈನ ಸಂಘಗಳು ಉತ್ಸವದ ಚಿತ್ರೀಕರಣಕ್ಕೆ ಡ್ರೋನ್ ಹಾರಿಸುತ್ತವೆ. ಆ ಖರ್ಚಿನ ಒಂದು ಪಾಲಿನಲ್ಲಿ ಎರಡು ಕಾಲರ್ ಮೈಕ್, ಒಂದು ರೆಕಾರ್ಡರ್, ಒಂದು ಒಳ್ಳೆಯ ಹೆಡ್‌ಫೋನ್ ಕೊಂಡು ಯುವಕ ಯುವತಿಯರ ಕೈಗೆ ಕೊಡಬಹುದು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಪ್ರವಚನ. ಪರ್ವ ಮುಗಿದ ಮೇಲೆ ಬೆಳಗಾವಿಯಿಂದ, ಹಾಸನದಿಂದ, ಮೂಡುಬಿದಿರೆಯಿಂದ ಬಂದು ನೆಲೆಸಿದ ಅಜ್ಜಿಯರ ಮಾತು, ಹಾಡು. ಕಚ್ಚಾ ಮುದ್ರಿಕೆಯನ್ನು ಹತ್ತು ನಿಮಿಷಕ್ಕೆ ಕತ್ತರಿಸಿ ಸಭೆಯಲ್ಲಿ ಕೇಳಿಸಬೇಕೆಂಬ ಷರತ್ತಿರಲಿ. ಸಂದರ್ಶನಕ್ಕೆ ಹೋದಾಗ ಸ್ಟುಡಿಯೋದವರು ಕೇಳುವುದು ಮಾಡಿದ ಕೆಲಸದ ಮಾದರಿಯನ್ನು. ಅದಕ್ಕೆ ಈ ಹತ್ತು ನಿಮಿಷ ಸಾಕು.