ರುಚಿ ನೋಡುವ ವಿದ್ಯೆ ಯಾರಿಗೆ?

ದೊಡ್ಡ ಪಟ್ಟಣಗಳಲ್ಲಿ ವೈನಿನ ರುಚಿ ನೋಡಲು ಕಲಿಸುವ ತರಗತಿಗಳಿವೆ. ಹೊಸಬನಿಗೆ ಮೊದಲ ಪಾಠವಿದು: ಬಿಳಿಯ ಕಾಗದದ ಮುಂದೆ ಹಿಡಿದು ಬಣ್ಣ ನೋಡು, ಲೋಟ ತಿರುಗಿಸಿ ವಾಸನೆ ಹಿಡಿ, ಗುಟುಕನ್ನು ಬಾಯಲ್ಲಾಡಿಸಿ ಉಗುಳು. ಸೀಸೆಯ ಚೀಟಿ ಮುಚ್ಚಿಡು, ನಿನ್ನ ನಾಲಗೆಯನ್ನು ನಂಬು.

ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತುದೂ 2007ರಲ್ಲಿ, ವೈನ್ ನೀತಿ ಬಂದುದೂ 2007ರಲ್ಲಿಯೇ. ಸಾರಾಯಿ ಹೋದುದಕ್ಕೆ ನಮಗೆ ದುಃಖವಿಲ್ಲ; ಅದರಲ್ಲಿ ತಾಯಂದಿರ ಕಣ್ಣೀರಿತ್ತು. ವೈನನ್ನೂ ನಾವು ಹೊಗಳಲಾರೆವು. ಆದರೆ ಆ ಪಾಠದ ತಿರುಳು ನಮಗೆ ಬೇಕು. ಚೀಟಿಯನ್ನು ನಂಬದೆ ಸರಕನ್ನು ಪರೀಕ್ಷಿಸುವ ವಿದ್ಯೆ ಉಳ್ಳವರಿಗೆ ಮಾತ್ರ ಏಕೆ?

ಗೋಕಾಕ, ಮೂಡಲಗಿ, ಹುಕ್ಕೇರಿಯ ರೈತ ಬೆಳೆಯುವುದು ಕಬ್ಬು. ಗಾಣದಲ್ಲಿ ಪಾಕದ ಹದವನ್ನು ಅವನು ಕಣ್ಣಿನಿಂದಲೇ ಬಲ್ಲ. ಕಾರ್ಖಾನೆಯ ಬಾಗಿಲಿಗೆ ಬಂದೊಡನೆ ಅವನ ಬಲ್ಲತನಕ್ಕೆ ಬೆಲೆಯಿಲ್ಲ. 2025-26ರ ಹಂಗಾಮಿನ ಕೇಂದ್ರ ದರಕ್ಕೆ ಶೇ. 10.25 ಸಕ್ಕರೆ ಇಳುವರಿಯೇ ಬುನಾದಿ. ಇಳುವರಿ ಏರಿದರೆ ದರವೂ ಏರಬೇಕು. ಆದರೆ ಇಳುವರಿಯನ್ನು ಅಳೆದು ಬರೆಯುವವರು ಕಾರ್ಖಾನೆಯವರು. ಅವರು ಕೊಟ್ಟ ಚೀಟಿಯೇ ರೈತನಿಗೆ ಶಾಸನ.

2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಕುಳಿತ ರೈತರು ಒಗ್ಗಟ್ಟಿನ ಬಲ ತೋರಿಸಿದರು. ಸರಕಾರ 3,300ಕ್ಕೆ ಬಂದಿತು. ಇನ್ನು ಅಳತೆಯ ಬಲವೂ ಬೇಕು. ರಸದ ಬ್ರಿಕ್ಸ್ ನೋಡುವ ಕೈಯಳತೆಯ ಉಪಕರಣವನ್ನು ಹಳ್ಳಿ ಹಳ್ಳಿಯಲ್ಲಿ ಕಲಿಸಲಿ. ಬ್ರಿಕ್ಸೇ ಇಳುವರಿಯಲ್ಲ, ನಿಜ. ಕಬ್ಬು ಮಾಗಿತೋ ಇಲ್ಲವೋ ಎಂಬುದನ್ನಾದರೂ ಅದು ಹೇಳೀತು. ಇಳುವರಿ ಅಳೆಯುವ ಕೋಣೆಯಲ್ಲಿ ರೈತರು ಆರಿಸಿದ ಪ್ರತಿನಿಧಿ ಕೂಡಲಿ.

ಸಿಹಿ ಬೆಳೆದವನಿಗೆ ಅದರ ಲೆಕ್ಕ ಕೇಳುವ ಹಕ್ಕಿದೆ. ಆ ಹಕ್ಕನ್ನು ಯಾರೂ ದಾನವಾಗಿ ಕೊಡರು; ಕಲಿತು, ಕೂಡಿ ಪಡೆಯೋಣ.