ದಾಳಿಗಾರನ ಬೆಲೆ

ಚಂದ್ರಗುತ್ತಿಯ ಕೋಟೆಗುಡ್ಡದ ಕೆಳಗೆ ಹುಡುಗರು ನೆಲದ ಮೇಲೆ ಗೆರೆ ಎಳೆದು ಕಬಡ್ಡಿಗೆ ನಿಂತರೆ, ಪಂಗಡ ಆರಿಸುವಾಗ ಮೊದಲು ಕೂಗುವುದು ದಾಳಿಗೆ ಹೋಗುವವನ ಹೆಸರನ್ನೇ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಪ್ರೊ ಕಬಡ್ಡಿಯ ಧಣಿಗಳ ಬುದ್ಧಿಯೂ ಇದಕ್ಕಿಂತ ಬೇರೆಯಲ್ಲ.

ಹಾಗೆ ಕೂಗಲು ಕಾರಣವಿಲ್ಲದೆ ಇಲ್ಲ. 2019ರ ಜನವರಿಯ ಅಂತಿಮ ಪಂದ್ಯದಲ್ಲಿ ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು 38-33ರಿಂದ ಸೋಲಿಸಿದಾಗ, ಆ 38ರಲ್ಲಿ 22 ಅಂಕಗಳು ಪವನ್ ಸೆಹ್ರಾವತ್ ಒಬ್ಬರವೇ. 2022ರಲ್ಲಿ ತಮಿಳ್ ತಲೈವಾಸ್ ಅದೇ ಪವನ್ ಅವರಿಗೆ 2.26 ಕೋಟಿ ರೂಪಾಯಿ ತೆತ್ತಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಬಿದ್ದು ಉಳಿದ ಪಂದ್ಯಗಳನ್ನೆಲ್ಲ ಅವರು ಹೊರಗೇ ಕಳೆದರು. ಸೋಜಿಗವೆಂದರೆ, ಹೊಸಬರಾದ ನರೇಂದರ್ ದಾಳಿಯ ಹೊಣೆ ಹೊತ್ತು, ತಂಡ ಸೆಮಿಫೈನಲ್ ಮುಟ್ಟಿತು. ಪವನ್ ಅವರನ್ನು ಬಿಟ್ಟುಕೊಟ್ಟಿದ್ದ ಬೆಂಗಳೂರೂ ತರುಣ ಭರತ್ ಅವರ ಬಲದಿಂದ ಅಲ್ಲಿಗೇ ಬಂದಿತು!

ಆದರೂ ಪಾಠ ಯಾರಿಗೆ ಬೇಕಿತ್ತು? 2023ರ ಹರಾಜಿನಲ್ಲಿ ತೆಲುಗು ಟೈಟನ್ಸ್ ಅವರಿಗಾಗಿ 2.605 ಕೋಟಿ ಸುರಿಯಿತು. ಇಡೀ ತಂಡಕ್ಕೆ ವೆಚ್ಚ ಮಾಡಬಹುದಾಗಿದ್ದ 5 ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಪವನ್ ತಮ್ಮ ಪಾಲಿನ ಅಂಕಗಳನ್ನು ತಂದರು. ತಂಡ ಮಾತ್ರ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕಟ್ಟಕಡೆಗೆ ನಿಂತಿತು.

ಕಬಡ್ಡಿಯ ನಿಯಮವೇ ಹಾಗಿದೆ. ಸಿಕ್ಕಿಬಿದ್ದ ದಾಳಿಗಾರ ತಾನಾಗಿ ಏಳಲಾರ. ಒಳಗುಳಿದವರು ಎದುರಾಳಿಯೊಬ್ಬನನ್ನು ಔಟು ಮಾಡಿದರೆ ಮಾತ್ರ ಅವನಿಗೆ ಮರುಜೀವ. ಎರಡೂವರೆ ಕೋಟಿಯ ಆಳು ಗೆರೆಯಾಚೆ ಕುಳಿತಾಗ, ಅವನನ್ನು ಎಬ್ಬಿಸಬೇಕಾದವರು ಅಗ್ಗದ ಬೆಲೆಗೆ ಬಂದ, ಕಾಲು ಹಿಡಿಯುವ ಹುಡುಗರು. ಅವರೆಲ್ಲರಿಗೂ ಸೇರಿ ಟೈಟನ್ಸ್ ಧಣಿಗಳ ಚೀಲದಲ್ಲಿ ಉಳಿದಿದ್ದುದು ಅರ್ಧಕ್ಕಿಂತ ಕಡಮೆ.