ನಾಯಿಯ ಕೊರಳಿಗೆ ಪಾತ್ರೆಯ ಅಕ್ಷರವೇ ಸರಿ

ನಮ್ಮ ಕಾಸರಗೋಡಿನ ಮಳೆಗೆ ಮಾರ್ಕರ್ ಪೆನ್ನಿನ ಶಾಯಿ ನಿಲ್ಲುವುದಿಲ್ಲ. ಮನೆಯ ನಾಯಿಗೆ ಮಕ್ಕಳು ಕಟ್ಟುವುದು ಹೆಚ್ಚಾಗಿ ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೆ ಪೆನ್ನಿನಲ್ಲಿ ಬರೆದ ನಂಬರು. ಜೂನ್‌ನಲ್ಲಿ ಬರೆದದ್ದು ಆಗಸ್ಟ್‌ಗೆ ಇರುವುದಿಲ್ಲ. ಸಿಡಿಲಿಗೋ ಪಟಾಕಿಗೋ ಬೆದರಿ ಓಡಿದ ನಾಯಿ ಎರಡು ಊರಿನಾಚೆ ಸಿಕ್ಕಿದರೆ ಅಲ್ಲಿಯವರಿಗೆ ಅದು ಬೀದಿನಾಯಿಯೇ. ರೇಬೀಸಿನ ಹೆದರಿಕೆಯಲ್ಲಿ ಜನ ಮೊದಲು ಹುಡುಕುವುದು ಕಲ್ಲನ್ನು.

ನಾನು ಹೇಳುವುದಿಷ್ಟೆ: ಬರೆಯಬೇಡಿ, ಕೊರೆಸಿ. ಹೊಸ ಪಾತ್ರೆಗೆ ಹೆಸರು ಹಾಕಿಸುತ್ತೇವಲ್ಲ, ಹಾಗೆ. ಅಜ್ಜಿಯ ಕಾಲದ ಚೆಂಬಿನ ಮೇಲೆ ಉಳಿಯಲ್ಲಿ ಕೊರೆದ ಅಕ್ಷರವನ್ನು ಎಷ್ಟು ವರ್ಷ ಬೂದಿ ಹಾಕಿ ತಿಕ್ಕಿದ್ದಾರೆ, ಇವತ್ತಿಗೂ ಓದಬಹುದು. ಲೋಹದ ಒಳಗೆ ಇಳಿದದ್ದು ಮೇಲ್ಮೈ ಸವೆದರೂ ಉಳಿಯುತ್ತದೆ. ಪಾತ್ರೆ ಅಂಗಡಿಯ ಯಂತ್ರದಲ್ಲೇ ಸ್ಟೀಲ್ ಬಿಲ್ಲೆಗೂ ಹಾಕಿಸಬಹುದು, ಸ್ವಲ್ಪ ಒತ್ತಿ ಆಳವಾಗಿ ಹಾಕಿ ಎಂದು ಹೇಳಬೇಕು. ಹಿತ್ತಾಳೆ ಕಪ್ಪಾಗುತ್ತದೆ, ಹುಣಸೆಹುಳಿಯಲ್ಲಿ ತಿಕ್ಕಿದರಾಯಿತು. ಅಲ್ಯೂಮಿನಿಯಂ ಮೆದು. ಬಣ್ಣದ ಬಿಲ್ಲೆಗೆ ಲೇಸರ್‌ನಲ್ಲಿ ಬರೆಸಿದರೆ ನೋಡಲು ಚೆಂದ, ಆದರೆ ಹೆಚ್ಚಾಗಿ ಅಲ್ಲಿ ಹೋಗುವುದು ಮೇಲಿನ ಬಣ್ಣದ ಪದರ ಮಾತ್ರ. ಬಣ್ಣ ಸವೆದರೆ ಅಕ್ಷರವೂ ಹೋಯಿತು.

ಮೈಕ್ರೋಚಿಪ್ ಒಳ್ಳೆಯದೇ. ಆದರೆ ಅದನ್ನು ಓದಲು ಯಂತ್ರ ಬೇಕು, ದಾರಿಯಲ್ಲಿ ನಾಯಿಯನ್ನು ಕಂಡವರ ಕೈಯಲ್ಲಿ ಅದೆಲ್ಲಿರುತ್ತದೆ?

ಯಾವ ಭಾಷೆಯಲ್ಲಿ ಹಾಕಿಸಬೇಕು ಎಂದು ಮಕ್ಕಳು ಕೇಳುತ್ತಾರೆ. ನಾಯಿಯ ಹೆಸರು ಧಾರಾಳವಾಗಿ ಕನ್ನಡದಲ್ಲಿರಲಿ. ಫೋನ್ ನಂಬರು ಮಾತ್ರ 0, 1, 2 ಎಂಬ ಅಂಕಿಗಳಲ್ಲೇ ಬೇಕು, ಮಲಯಾಳ ಮಾತ್ರ ಬಲ್ಲವರೂ ಓದಬೇಕಲ್ಲ. ಅಂಕಿ ದೊಡ್ಡದಿರಲಿ. ಅಪ್ಪ ಗಲ್ಫಿನಲ್ಲಿದ್ದರೆ ಅಮ್ಮನ ನಂಬರು ಹಾಕಿಸಿ ಮಾರಾಯ್ರೆ!